ಹೆಣ ಕೊಯ್ದವರು ಬೇರೆ, ಮೂಳೆ ಕೂರಿಸಿದವರು ಬೇರೆ

ಪ್ರೀತಿಯ ರಘು,

ಈಜಿಪ್ಟಿನವರು ಹೆಣ ಕೊಯ್ದು ಕೊಯ್ದೇ ವೈದ್ಯ ಕಲಿತರು ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೆ ನನ್ನ ತಕರಾರಿದೆ.

ಹೆಣ ಕೆಡದಂತೆ ಒಣಗಿಸಿ ಮಮ್ಮಿ ಮಾಡುತ್ತಿದ್ದವರು ಕೈಚಳಕದವರು, ನಿಜ. ಎಡಪಕ್ಕೆಯಲ್ಲಿ ಸಣ್ಣದಾಗಿ ಸೀಳಿ ಲಿವರ್, ಶ್ವಾಸಕೋಶ, ಜಠರ, ಕರುಳು ಹೊರಗೆ ತೆಗೆಯುತ್ತಿದ್ದರು. ನೇಟ್ರಾನ್ ಎಂಬ ಉಪ್ಪಿನಲ್ಲಿ ಸುಮಾರು 40 ದಿನ ಮುಚ್ಚಿಟ್ಟರೆ ಮೈಯ ನೀರೆಲ್ಲ ಇಂಗಿಹೋಗುತ್ತಿತ್ತು. ನೀರಿಲ್ಲದಿದ್ದರೆ ಕೊಳೆಸುವ ಬ್ಯಾಕ್ಟೀರಿಯಾ ಏನು ಮಾಡೀತು? ಬಟ್ಟೆ ಸುತ್ತಿ ಮುಗಿಸುವ ಹೊತ್ತಿಗೆ 70 ದಿನ. ಆದರೆ ಮಿದುಳನ್ನು ಮೂಗಿನಿಂದ ಕೊಕ್ಕೆ ಹಾಕಿ ಎಳೆದು ಬಿಸಾಡುತ್ತಿದ್ದರು! ಯೋಚನೆಯೆಲ್ಲ ಹೃದಯದ್ದು ಎಂಬ ನಂಬಿಕೆ, ಹಾಗಾಗಿ ಅದನ್ನು ಒಳಗೇ ಬಿಡುತ್ತಿದ್ದರು. ಅದು ಧರ್ಮದ ಕೆಲಸ, ಪಾಠವಲ್ಲ.

ವೈದ್ಯರು ಕಲಿತದ್ದು ಗಾಯಗೊಂಡು ಬಂದ ಜೀವಂತ ಜನರಿಂದ. 1862ರಲ್ಲಿ ಎಡ್ವಿನ್ ಸ್ಮಿತ್ ಎಂಬ ಅಮೆರಿಕದವನು ಲಕ್ಸರ್‌ನಲ್ಲಿ ವೈದ್ಯದ ಒಂದು ಪಪೈರಸ್ (ಜೊಂಡಿನ ಕಾಗದ) ಸುರುಳಿ ಕೊಂಡ. ಬರೆದದ್ದು ಸುಮಾರು ಕ್ರಿ.ಪೂ. 1600ರಲ್ಲಿ, ಅದೂ ಇನ್ನೂ ಹಳೆಯ ಪಠ್ಯದ ನಕಲು. ಅದರಲ್ಲಿ 48 ಪ್ರಕರಣಗಳಿವೆ. ತಲೆಯಿಂದ ಶುರುವಾಗಿ ಕೆಳಗಿಳಿಯುತ್ತಾ ಬೆನ್ನುಮೂಳೆಯ ಹತ್ತಿರ ನಿಂತುಬಿಡುತ್ತದೆ. ನಕಲು ಮಾಡುವವನು ಸುಮ್ನೆ ಅರ್ಧಕ್ಕೇ ಬಿಟ್ಟು ಎದ್ದುಹೋಗಿದ್ದಾನೆ, ಪುಣ್ಯಾತ್ಮ. ಮಂತ್ರ ಬರುವುದು ಈ 48ರಲ್ಲಿ ಒಂದೇ ಕಡೆ.

ನಿನಗೆ ಇಷ್ಟವಾಗುವುದು 25ನೆಯದು. ದವಡೆ ಜಾರಿ ಬಾಯಿ ಮುಚ್ಚಲಾಗದವನಿಗೆ ಎರಡೂ ಹೆಬ್ಬೆರಳು ಬಾಯೊಳಗೆ, ಉಳಿದ ಬೆರಳು ಗಲ್ಲದ ಕೆಳಗೆ ಇಟ್ಟು ಹಿಂದಕ್ಕೆ ತಳ್ಳಿ ಕೂರಿಸು ಎನ್ನುತ್ತದೆ. ನೀವು ವೈದ್ಯರು ಇವತ್ತು ಮಾಡುವುದೂ ಹೆಚ್ಚುಕಡಿಮೆ ಇದೇ ಅಲ್ವಾ? ಕತ್ತಿನ ಮೂಳೆ ಜಾರಿ ಕೈಕಾಲಿನ ಅರಿವು ಹೋದವನ ಬಗ್ಗೆಯೂ ಇದೆ. ಅಲ್ಲಿ ವೈದ್ಯ ನೇರವಾಗಿ ಹೇಳುತ್ತಾನೆ, ಇದು ಚಿಕಿತ್ಸೆ ಮಾಡುವ ಕಾಯಿಲೆಯಲ್ಲ ಅಂತ. ದೇವರ ಮೇಲೆ ಭಾರ ಹಾಕದೆ ಕೈಲಾಗದು ಎಂದು ಬರೆದಿಡುವ ಆ ಧೈರ್ಯ ನನಗೆ ಪಿರಮಿಡ್ಡಿಗಿಂತ ದೊಡ್ಡದಾಗಿ ಕಾಣುತ್ತದೆ. ಮಿದುಳಿನ ಸುಕ್ಕುಗಳ ವರ್ಣನೆಯೂ ಇದೇ ಸುರುಳಿಯಲ್ಲಿದೆ. ಬುರುಡೆ ಒಡೆದು ಬಂದವರಲ್ಲಿ ಅವರು ಅದನ್ನು ಕಣ್ಣಾರೆ ಕಂಡಿದ್ದರು.

ಎಲ್ಲ ಸುರುಳಿಗಳೂ ಹೀಗಿಲ್ಲ ಬಿಡು. ಇನ್ನೊಂದರಲ್ಲಿ ಬಸಿರು ತಡೆಯಲು ಮೊಸಳೆ ಲದ್ದಿ ಹೇಳಿದ್ದಾರೆ.

ಮಮ್ಮಿಗಳಿಂದ ಕಲಿತವರು ನಿಮ್ಮಂಥ ಈಚಿನ ಕಾಲದ ವೈದ್ಯರೇ. 1910ರಲ್ಲಿ ಮಾರ್ಕ್ ಅರ್ಮಾನ್ ರಫರ್ ಎಂಬ ವೈದ್ಯ ಒಣಗಿದ ಮೂತ್ರಪಿಂಡವನ್ನು ನೆನೆಸಿ ಮೆತ್ತಗೆ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದ. ಸುಮಾರು 3000 ವರ್ಷ ಹಳೆಯ ಬಿಲ್ಹಾರ್ಜಿಯಾ ಹುಳುವಿನ ಮೊಟ್ಟೆಗಳು ಅದರಲ್ಲಿದ್ದವು. ನೀರಿಗಿಳಿದವರ ಚರ್ಮ ಕೊರೆದು ಮೈಯೊಳಗೆ ಸೇರುವ ಹುಳು ಅದು.

ನಿನ್ನ,
ಮಂಜು