ಕೋಟೆ ಒಡೆದ ಜಾಗದ ಯುದ್ಧಸ್ಮಾರಕಗಳ ಬಗ್ಗೆ ಶ್ರೀರಂಗಪಟ್ಟಣ ಕೋಟೆ ನಿವಾಸಿಗಳ ಮನವಿ

ಮಾನ್ಯ ಅಧಿಕಾರಿಗಳಿಗೆ,

ವಿಷಯ: ಯುದ್ಧಸ್ಮಾರಕಗಳ ಸುತ್ತಲಿನ ಕಸ, ಕತ್ತಲೆ ಮತ್ತು ನಿಮ್ಮ ಮೌನ.

ಮಾನ್ಯರೇ,

ನಮಸ್ಕಾರ. ವಿಷಯ ನಿಮಗೆ ಹೊಸದಲ್ಲ. ನಮ್ಮ ಹಳೆ ಅರ್ಜಿಗಳು ನಿಮ್ಮ ಕಪಾಟಿನಲ್ಲೇ ಇವೆ, ಅಥವಾ ಇರಬೇಕಿತ್ತು.

1799ರ ಮೇ 4ರಂದು ಬ್ರಿಟಿಷ್ ಪಡೆ ಕೋಟೆ ಗೋಡೆ ಒಡೆದು ಒಳನುಗ್ಗಿದ ಜಾಗದಲ್ಲಿ, ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ ಕಲ್ಲಿನ ಕಂಬವಿದೆ. ಅದರ ಸುತ್ತ ಈಗ ಮುಳ್ಳುಗಿಡ, ಬಾಟಲಿ, ಊಟ ಮಾಡಿ ಎಸೆದ ಪ್ಲಾಸ್ಟಿಕ್ ತಟ್ಟೆ. ಬೀದಿದೀಪ ಇಲ್ಲ. ಕತ್ತಲಾದ ಮೇಲೆ ಹೆಣ್ಣುಮಕ್ಕಳು ಆ ಕಡೆ ಕಾಲಿಡುವ ಹಾಗಿಲ್ಲ. ಟಿಪ್ಪು ಬಿದ್ದ ಜಾಗಕ್ಕೆ ದಾರಿ ತೋರಿಸುವ ಬೋರ್ಡಿನ ಮೇಲೆ ಸಿನಿಮಾ ಪೋಸ್ಟರ್ ಅಂಟಿಸಿದ್ದಾರೆ.

ಮೊದಲು ಬಾಯಿಮಾತಲ್ಲಿ ಹೇಳಿದೆವು. "ಜಾಗ ನಮ್ಮದಲ್ಲ, ಸ್ಮಾರಕ ನೋಡಿಕೊಳ್ಳುವ ಇಲಾಖೆಗೆ ಹೋಗಿ" ಅಂದಿರಿ. ಹೋದೆವು. "ಬೇಲಿಯ ಹೊರಗಿನ ಕಸ ಊರಿನವರದ್ದು" ಅಂದರು. ಅದನ್ನೇ ಬರೆದುಕೊಂಡು ನಿಮ್ಮ ಹತ್ತಿರ ವಾಪಸ್ ಬಂದರೆ ಸಾಹೇಬರಿಗೆ ವರ್ಗವಾಗಿತ್ತು. ಹೊಸ ಸಾಹೇಬರು ಮೊದಲಿಂದ ಅರ್ಜಿ ಕೊಡಿ ಅಂದರು. ಕೊಟ್ಟೆವು. ಜಂಟಿ ಪರಿಶೀಲನೆ ನಡೆಯಿತು, ಫೋಟೋ ತೆಗೆಸಿಕೊಂಡರು, ಟೀ ಕುಡಿದು ಹೊರಟರು. ಯಾರೋ ದೊಡ್ಡವರು ಬರುತ್ತಾರೆಂದಾಗ ಮಾತ್ರ ಗಿಡ ಕಡಿದರು, ಅದೂ ಕಾರು ನಿಲ್ಲುವ ಕಡೆಯಷ್ಟೇ. ಕಡಿದ ಮುಳ್ಳನ್ನು ತಂದು ಹಾಕಿದ್ದು ನಮ್ಮ ಚರಂಡಿಗೆ! ಆನ್‌ಲೈನ್ ದೂರು ಕೊಟ್ಟರೆ "ಪರಿಹರಿಸಲಾಗಿದೆ" ಅಂತ ಮುಚ್ಚಿದಿರಿ. ಜೊತೆಗೆ ಹಾಕಿದ್ದ ಫೋಟೋ ನಮ್ಮ ಬೀದಿಯದ್ದೇ ಅಲ್ಲ. ಇದಕ್ಕೆ ಏನೆನ್ನಬೇಕು, ನೀವೇ ಹೇಳಿ.

ಹಣವಿಲ್ಲ, ಯಂತ್ರವಿಲ್ಲ ಎಂಬ ಮಾತು ದಯವಿಟ್ಟು ಬೇಡ. ಜೋಡಿ ರೈಲು ಹಳಿಗೆ ಅಡ್ಡ ಬಂತೆಂದು ಟಿಪ್ಪು ಕಾಲದ ಮದ್ದಿನಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಇಟ್ಟಿದ್ದನ್ನು ಈ ಊರು ಕಣ್ಣಾರೆ ನೋಡಿದೆ. ಕಟ್ಟಡ ಎತ್ತೋಕೆ ಆಗುತ್ತೆ, ಕಸ ಎತ್ತೋಕೆ ಆಗಲ್ವಾ?

ಟಿಪ್ಪು ಮೇಲಿನ ಹಿಂದಿನ ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಜೊತೆ ಬಂದ ಚಿತ್ರಕಾರ ರಾಬರ್ಟ್ ಹೋಮ್ ಬರೆದ ಚಿತ್ರಗಳು 1794ರಲ್ಲೇ ಲಂಡನ್ನಿನಲ್ಲಿ ಅಚ್ಚಾದವು. ಬ್ರಿಟಿಷ್ ಚಿತ್ರಕಾರ ಕೇರ್ ಪೋರ್ಟರ್ 1800ರಲ್ಲಿ ಬರೆದ, 1799ರ ಕೋಟೆ ಲಗ್ಗೆಯ ಚಿತ್ರದ ಅಚ್ಚುಪ್ರತಿಗಳು ಊರೂರಿಗೆ ಹೋದವು. ಅವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಬರುವ ಪ್ರವಾಸಿಗರು "ಈ ಗೋಡೆ ಎಲ್ಲಿ?" ಅಂತ ನಮ್ಮ ಮನೆ ಬಾಗಿಲು ಬಡಿಯುತ್ತಾರೆ. ಮುಳ್ಳುಪೊದೆಯ ಕಡೆ ಕೈ ತೋರಿಸಿ ಕಳಿಸಬೇಕು. ಅವಮಾನ ನಮಗೆ, ಸಂಬಳ ನಿಮಗೆ.

ಇನ್ನೊಂದು ಮಾತು. 1907ರ ಕಲ್ಲಿನ ಬರಹ ನೆನೆಯುವುದು ಮಡಿದ ಬ್ರಿಟಿಷ್ ಅಧಿಕಾರಿಗಳನ್ನು. ಕೋಟೆ ಕಾಯುತ್ತಾ ಸತ್ತ ಮೈಸೂರಿನ ಸಿಪಾಯಿಗಳ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಪಕ್ಕದಲ್ಲಿ ಒಂದು ಕನ್ನಡ ಫಲಕ ಹಾಕಿ ಅಂತ ಕೇಳಿದ್ದಕ್ಕೆ "ಅನುದಾನ ಇಲ್ಲ" ಎಂಬ ಉತ್ತರ ಬಂತು. ಸ್ವಾಗತ ಕಮಾನಿಗೆ ಮಾತ್ರ ಅನುದಾನ ಇರುತ್ತೆ.

ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದೇನೂ ಕಟ್ಟಬಾರದು, ಸೋರುವ ಮನೆ ರಿಪೇರಿಗೂ ಅನುಮತಿ ಬೇಕು. ಒಪ್ಪಿದ್ದೇವೆ. ಅದೇ ಜಾಗದಲ್ಲಿ ರಾತ್ರೋರಾತ್ರಿ ಏಳುವ ತಗಡಿನ ಅಂಗಡಿಗಳಿಗೆ ನಿಯಮ ಯಾಕಿಲ್ಲ? ಟೂರಿಸ್ಟ್ ಬಸ್ಸುಗಳು ನಮ್ಮ ಗೇಟಿಗೆ ಅಡ್ಡ ನಿಲ್ಲುತ್ತವೆ. ಶೌಚಾಲಯಕ್ಕೆ ಬೀಗ, ಹಾಗಾಗಿ ಕೋಟೆ ಗೋಡೆಯೇ ಶೌಚಾಲಯ. ಚರಂಡಿ ನೀರು ಸೀದಾ ಕಾವೇರಿಗೆ. ಅಸ್ಥಿ ಬಿಡಲು ಬಂದವರು ಬಿಟ್ಟುಹೋದ ಬಟ್ಟೆಯ ರಾಶಿಯನ್ನು ತೆಗೆಯುವವರಿಲ್ಲ.

ನಮ್ಮ ಬೇಡಿಕೆ ಇಷ್ಟೇ: ಕಸ ಮತ್ತು ಗಿಡ ತೆಗೆಸಿ, ದೀಪ ಹಾಕಿಸಿ, ಶೌಚಾಲಯದ ಬೀಗ ತೆಗೆಸಿ, ಕನ್ನಡ ಫಲಕ ನಿಲ್ಲಿಸಿ. ಎರಡೂ ಇಲಾಖೆಯವರು ಒಂದೇ ದಿನ ಸ್ಥಳಕ್ಕೆ ಬಂದು, ಯಾವುದು ಯಾರ ಕೆಲಸ ಅಂತ ನಮ್ಮೆದುರೇ ಬರೆದು ಸಹಿ ಮಾಡಿ. ಒಂದು ತಿಂಗಳೊಳಗೆ ಲಿಖಿತ ಉತ್ತರ ಬೇಕು. "ಪರಿಶೀಲಿಸಲಾಗುವುದು" ಅಂತ ಬರೆಯುವುದಾದರೆ ಸುಮ್ನೆ ಕಾಗದ ದಂಡ ಮಾಡಬೇಡಿ.

ಇಂತಿ,
ಕೋಟೆಯೊಳಗಿನ ನಿವಾಸಿಗಳು
(ಸಹಿಗಳ ಹಾಳೆ, ಹಳೆ ಅರ್ಜಿಗಳ ಸ್ವೀಕೃತಿ ಪ್ರತಿಗಳನ್ನು ಲಗತ್ತಿಸಿದೆ)