ಪ್ಯಾರಿಸ್‌ನಲ್ಲಿ ಒಂದು ದಿನ ಖಾಲಿ ಬಿಡಿ

ಮಾನ್ಯ ಸಂಪಾದಕರೇ,

ರಜೆ ಹತ್ತಿರ ಬಂದಂತೆ ಯುರೋಪ್ ಪ್ರವಾಸದ ಜಾಹೀರಾತುಗಳು ಜಾಸ್ತಿಯಾಗುತ್ತಿವೆ. ನಾನು ನೋಡಿದವುಗಳಲ್ಲೆಲ್ಲ ಪ್ಯಾರಿಸ್‌ಗೆ ಒಂದು, ಹೆಚ್ಚೆಂದರೆ ಒಂದೂವರೆ ದಿನ. ಐಫೆಲ್ ಟವರ್, ದೋಣಿ ಸವಾರಿ, ಅಂಗಡಿ ಬೀದಿ, ಮುಗೀತು. ನಾವೂ ಹಾಗೇ ಹೋದೆವು. ಓರ್ಸೆ ಮ್ಯೂಸಿಯಂ ಅನ್ನು ಬಸ್ಸಿನ ಕಿಟಕಿಯಿಂದಲೇ ತೋರಿಸಿದರು. ನಾನು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತಿದ್ದೇನೆ. ಫ್ರೆಂಚ್ ಚಿತ್ರಕಾರ ದೆಗಾ ಬರೆದ ನರ್ತಕಿಯರ ಚಿತ್ರಗಳು ಒಳಗಿವೆ ಎಂದು ಗೊತ್ತಿದ್ದೂ ಸುಮ್ನೆ ವಾಪಸ್ ಬರಲು ಮನಸ್ಸಾಗಲಿಲ್ಲ. ಗುಂಪು ಹೊರಟಾಗ ನಾನೂ ನಮ್ಮ ಯಜಮಾನರೂ ಅಲ್ಲೇ ಉಳಿದೆವು. ವಿಮಾನದ ಟಿಕೆಟ್ ಬದಲಿಸಲು ದುಡ್ಡು ಹೋಯಿತು. ಅದಕ್ಕೆ ಬೇಸರವಿಲ್ಲ.

ಓರ್ಸೆ ಮೊದಲು ರೈಲು ನಿಲ್ದಾಣ. 1900ರಲ್ಲಿ ಶುರುವಾಗಿ, 1986ರಲ್ಲಿ ಮ್ಯೂಸಿಯಂ ಆಯಿತು. ದೆಗಾ ಅವರ ‘ನೃತ್ಯ ತರಗತಿ’ ಚಿತ್ರದ ಮುಂದೆ ನಾನು ಒಂದು ಗಂಟೆ ನಿಂತೆ. ನಡುವೆ ವಯಸ್ಸಾದ ಮೇಷ್ಟ್ರು ಜೂಲ್ ಪೆರೋ, ಉದ್ದನೆಯ ಕೋಲು ಹಿಡಿದಿದ್ದಾರೆ. ತಾಳ ಹಾಕಿ ಕುಣಿಸುವ ನಮ್ಮ ಗುರು, ನಟ್ಟುವನಾರರೇ ನಿಂತಂತೆ ಕಂಡಿತು. ಪಿಯಾನೋ ಮೇಲೆ ಕೂತ ಹುಡುಗಿ ಬೆನ್ನು ಕೆರೆದುಕೊಳ್ಳುತ್ತಿದ್ದಾಳೆ. ಹಿಂದೆ ಅಮ್ಮಂದಿರು ಕಾಯುತ್ತಿದ್ದಾರೆ. ನೆಲದಲ್ಲಿ ಗಿಡಕ್ಕೆ ನೀರು ಹಾಕುವಂಥ ಡಬ್ಬ ಇದೆ. ಹಲಗೆ ನೆಲದ ಧೂಳು ಏಳದಂತೆ, ಕಾಲು ಜಾರದಂತೆ ನೀರು ಚಿಮುಕಿಸಲು ಅದು. ಕುಣಿಯುವವರಿಗೆ ನೆಲ ಎಷ್ಟು ಮುಖ್ಯ ಎಂದು ದೆಗಾಗೆ ತಿಳಿದಿತ್ತು, ಅಲ್ವಾ?

ಅಲ್ಲೇ ಹದಿನಾಲ್ಕು ವರ್ಷದ ನರ್ತಕಿಯ ಕಂಚಿನ ಮೂರ್ತಿಯೂ ಇದೆ. ಲಂಗ ನಿಜವಾದ ಬಟ್ಟೆಯದು. ಅದಕ್ಕೆ ನಿಂತವಳು ಮೇರಿ ವಾನ್ ಗೋಥೆಮ್, ಬಟ್ಟೆ ಒಗೆಯುವ ಹೆಂಗಸಿನ ಮಗಳು. ತರಗತಿ ತಪ್ಪಿಸಿದ್ದಕ್ಕೆ 1882ರಲ್ಲಿ ಅವಳನ್ನು ಪ್ಯಾರಿಸ್ ಒಪೆರಾದ ಬ್ಯಾಲೆ ತಂಡದಿಂದ ತೆಗೆದುಹಾಕಿದರು. ಎತ್ತಿದ ಆ ಗದ್ದ ನೋಡಿ ನನಗೆ ನನ್ನ ಶಿಷ್ಯೆಯರೇ ನೆನಪಾದರು.

ಮಧ್ಯಾಹ್ನ ಗ್ಯಾಲೆಟ್ ತಿಂದೆವು. ನೋಡಲು ಥೇಟ್ ರಾಗಿ ದೋಸೆ, ಒಳಗೆ ಚೀಸ್ ಮತ್ತು ಅಣಬೆ. ಈರುಳ್ಳಿ ಸೂಪ್ ಮಾತ್ರ ಸಸ್ಯಾಹಾರಿಗಳು ಕೇಳಿಯೇ ತೆಗೆದುಕೊಳ್ಳಬೇಕು, ಅದಕ್ಕೆ ಸಾಮಾನ್ಯವಾಗಿ ದನದ ಮೂಳೆಯ ರಸ ಹಾಕುತ್ತಾರೆ. ಹೂಜಿಯಲ್ಲಿ ನಲ್ಲಿ ನೀರು ಕೇಳಿದರೆ ದುಡ್ಡಿಲ್ಲ. ನಾವಾಗಿ ಕೇಳುವ ತನಕ ಬಿಲ್ ತರಲಿಲ್ಲ, ಯಾರೂ ಎಬ್ಬಿಸಲೂ ಇಲ್ಲ. ಆಮೇಲೆ ನದಿ ದಾಟಿ ಟುಯಿಲರಿ ತೋಟದ ಹಸಿರು ಕುರ್ಚಿಗಳಲ್ಲಿ ಕೂತೆವು. ಯಜಮಾನರು ಅಲ್ಲೇ ಒಂದು ನಿದ್ದೆ ತೆಗೆದರು.

ಸಂಜೆ 1875ರ ಗಾರ್ನಿಯೆ ಒಪೆರಾ ಭವನದಲ್ಲಿ ‘ಜಿಸೆಲ್’ ಬ್ಯಾಲೆ. ನಮ್ಮದು ಬದಿಯ ಸೀಟು, ವೇದಿಕೆಯ ಒಂದು ಮೂಲೆ ಕಾಣುವುದಿಲ್ಲ, ಆದ್ದರಿಂದ ದರ ಕಡಿಮೆ. ತಲೆಯ ಮೇಲೆ ಚಿತ್ರಕಾರ ಶಗಾಲ್ 1964ರಲ್ಲಿ ಬರೆದ ಚಾವಣಿ ಚಿತ್ರ. 1841ರಲ್ಲಿ ಜಿಸೆಲ್ ಮೊದಲು ಆಡಿದಾಗ ನಾಯಕಿಯ ಕುಣಿತ ಕೂಡಿಸಿದವರು ಇದೇ ಪೆರೋ! ಮುಂದೆ ರಷ್ಯಾದಲ್ಲಿ ನೃತ್ಯ ಸಂಯೋಜಕ ಪೆಟಿಪಾ ಅದನ್ನು ತಿದ್ದಿದರು. ಬೆಳಿಗ್ಗೆ ಚಿತ್ರದಲ್ಲಿ ಕಂಡ ಮೇಷ್ಟ್ರು ಸಂಜೆ ವೇದಿಕೆಗೇ ಬಂದಂತಾಯಿತು. ಬ್ಯಾಲೆಯ ಕೈಸನ್ನೆಯಲ್ಲಿ ತಲೆಯ ಮೇಲೆ ಎರಡೂ ಕೈ ತಿರುಗಿಸಿದರೆ ‘ನೃತ್ಯ’, ಮುಷ್ಟಿ ಕಟ್ಟಿ ಮಣಿಕಟ್ಟು ಅಡ್ಡ ಹಾಕಿದರೆ ‘ಸಾವು’. ಕಥೆಯಲ್ಲಿ ತಾಯಿ ಮಗಳು ಜಿಸೆಲ್‌ಗೆ ಎಚ್ಚರಿಕೆ ಹೇಳುವಾಗ ಒಂದು ಮಾತಿಲ್ಲ, ಪೂರ್ತಿ ಅಭಿನಯ. ನನ್ನ ಕಣ್ಣು ತುಂಬಿತು.

ಈ ಕಥೆ ಹೆಣೆದವರಲ್ಲಿ ಒಬ್ಬರು ಕವಿ ಗೋತಿಯೆ. 1838ರಲ್ಲಿ ಪುದುಚೇರಿ ಕಡೆಯ ದೇವದಾಸಿಯರು ಪ್ಯಾರಿಸ್‌ನಲ್ಲಿ ಕುಣಿದಾಗ ಅವರನ್ನು, ಅದರಲ್ಲೂ ಅಮಣಿ ಎಂಬಾಕೆಯನ್ನು ನೋಡಿ ಮನಸಾರೆ ಮೆಚ್ಚಿ ಬರೆದವರೂ ಅವರೇ. ನಮ್ಮ ಪ್ರವಾಸಿಗರಿಗೆ ಇದನ್ನು ಯಾರಾದರೂ ಹೇಳಬೇಡವೇ?

ಪ್ರವಾಸ ಏರ್ಪಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ಯಾರಿಸ್‌ನಲ್ಲಿ ಒಂದು ದಿನ ಏನೂ ಇಟ್ಟುಕೊಳ್ಳದೆ ಬಿಡಿ. ಬ್ಯಾಲೆ ಟಿಕೆಟ್ ತಿಂಗಳುಗಳ ಮೊದಲೇ ಮಾರಾಟಕ್ಕೆ ಬರುತ್ತದೆ, ಬೇಕೆನ್ನುವವರಿಗೆ ಆಗಲೇ ತಿಳಿಸಿ. ಹದಿನೆಂಟರ ಒಳಗಿನ ಮಕ್ಕಳಿಗೆ ಓರ್ಸೆ ಪ್ರವೇಶ ಉಚಿತ, ಅದನ್ನೂ ಪಟ್ಟಿಯಲ್ಲಿ ಬರೆಯಿರಿ. ಮ್ಯೂಸಿಯಂಗೆ ಸೋಮವಾರ ರಜೆ. ಆ ಖಾಲಿ ದಿನ ಸೋಮವಾರ ಬೀಳದಂತೆ ನೋಡಿಕೊಳ್ಳಿ.

– ಒಬ್ಬ ಭರತನಾಟ್ಯ ಶಿಕ್ಷಕಿ, ಶಿವಮೊಗ್ಗ