ಗೆಳೆಯನಿಗೊಂದು ಪತ್ರ: ಅಕ್ಕನ ಲೆಕ್ಕ ನಿನಗೆ ಬೇಡ

ಪ್ರೀತಿಯ ಗೆಳೆಯಾ,

‘ಖಿನ್ನತೆಗೆ ಅಕ್ಕನಿಗೂ ಇದೇ ಮಾತ್ರೆ. ಅವಳು ಎರಡೇ ತಿಂಗಳಲ್ಲಿ ಮೊದಲಿನ ಹಾಗಾದಳು, ನಾನ್ಯಾಕೆ ಇನ್ನೂ ಹೀಗೇ ಇದ್ದೀನಿ?’ ಅಂತ ಕೇಳಿದೆಯಲ್ಲ. ಫೋನಿನಲ್ಲಿ ಉತ್ತರ ಸರಿಯಾಗಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ ಮಾತ್ರೆ ಶುರು ಮಾಡಿದ್ದು ಬೇಸಿಗೆಯಲ್ಲಿ. ನೀನು ಶುರು ಮಾಡಿದ್ದು ಚಳಿಗಾಲದಲ್ಲಿ, ಅದೂ ಕಿಟಕಿಗೆ ಪರದೆ ಎಳೆದ ಕೋಣೆಯಲ್ಲಿ. ಕೆನಡಾದ ಎಡ್ಮಂಟನ್‌ನಲ್ಲಿ ನಡೆದು 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಬಿಸಿಲು ಬೀಳುವ ಕೋಣೆಯಲ್ಲಿದ್ದ ಖಿನ್ನತೆಯ ರೋಗಿಗಳು ಸರಾಸರಿ 16.9 ದಿನ ಆಸ್ಪತ್ರೆಯಲ್ಲಿದ್ದರು. ಮಂಕು ಕೋಣೆಯವರು 19.5 ದಿನ. ಬೆಳಗಿನ ಬೆಳಕು ಮೈಯೊಳಗಿನ ಗಡಿಯಾರವನ್ನು ಸರಿಮಾಡುತ್ತದೆ, ನಿದ್ದೆ ಹದಕ್ಕೆ ಬರುತ್ತದೆ. ಮೋಡ ಕವಿದ ದಿನವೂ ಹೊರಗಿನ ಬೆಳಕು ಮನೆಯ ದೀಪಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಎದ್ದ ತಕ್ಷಣ ಅರ್ಧ ಗಂಟೆ ಹೊರಗೆ ನಡೆದು ಬಾ. 10,000 ಲಕ್ಸ್‌ನ ಲೈಟ್ ಬಾಕ್ಸ್, ಅಂದರೆ ಬಿಸಿಲಿನ ಬದಲು ಎದುರಿಗಿಟ್ಟುಕೊಂಡು ಕೂರುವ ಪ್ರಖರ ದೀಪ, ಸಿಗುತ್ತದೆ, ನಿಜ (ಲಕ್ಸ್ ಅಂದರೆ ಬೆಳಕಿನ ಅಳತೆ). ಆದರೆ ಡಾಕ್ಟರನ್ನು ಕೇಳದೆ ತರಬೇಡ. ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಖಿನ್ನತೆಗೆ ಒಮ್ಮೆ ಅತಿ ಉತ್ಸಾಹಕ್ಕೆ ಹೊಯ್ದಾಡುವ ಕಾಯಿಲೆ, ಇರುವವರಿಗೆ ಅದು ಉನ್ಮಾದ ತರಿಸಬಹುದು.

ಇನ್ನು ಗಂಡು ಹೆಣ್ಣಿನ ಮಾತು. ಖಿನ್ನತೆ ಹೆಂಗಸರಲ್ಲಿ ಹೆಚ್ಚುಕಮ್ಮಿ ಎರಡು ಪಟ್ಟು. ಚಳಿಗಾಲದ ಖಿನ್ನತೆಯೂ ಅವರಿಗೇ ಜಾಸ್ತಿ. ಹಾಗಂತ ಗಂಡಸರು ಬಚಾವ್ ಅಂದುಕೊಳ್ಳಬೇಡ, ಬಹುತೇಕ ದೇಶಗಳಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವವರಲ್ಲಿ ಗಂಡಸರೇ ಹೆಚ್ಚು. ನನ್ನ ಪ್ರಕಾರ ನಿನಗೂ ಅಕ್ಕನಿಗೂ ಇರುವ ವ್ಯತ್ಯಾಸ ಮೈಯಲ್ಲಿರುವುದಕ್ಕಿಂತ ಬಾಯಲ್ಲಿ ಜಾಸ್ತಿ. ಅಕ್ಕ ಅತ್ತರು, ಸಿಕ್ಕವರಿಗೆಲ್ಲ ಹೇಳಿಕೊಂಡರು. ನೀನು ಡಾಕ್ಟರ ಎದುರು ಕೂತು ‘ಪರವಾಗಿಲ್ಲ ಸಾರ್’ ಅಂತ ಎದ್ದು ಬರುತ್ತೀಯ. ಮಕ್ಕಳ ಮೇಲೆ ರೇಗುವುದು, ರಾತ್ರಿಯ ಗ್ಲಾಸು, ಎರಡನ್ನೂ ಅವರಿಗೆ ಹೇಳಿಲ್ಲ ಅಲ್ವಾ? ಗಂಡಸರಲ್ಲಿ ಖಿನ್ನತೆ ಎಷ್ಟೋ ಸಲ ಹೀಗೇ, ಸಿಟ್ಟು ಕುಡಿತದ ವೇಷದಲ್ಲೇ ಬರುತ್ತದೆ. ಕುಡಿತ ಚೇತರಿಕೆಯನ್ನೂ ಹಿಂದಕ್ಕೆಳೆಯುತ್ತದೆ.

ಇನ್ನೊಂದು ಮಾತು. ಬಿಸಿಲು ಬಂತು, ಮನಸ್ಸು ಹಗುರಾಯಿತು ಅಂತ ಮಾತ್ರೆ ಬಿಟ್ಟುಬಿಡಬೇಡ. ಚೆನ್ನಾದ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸುತ್ತಾರೆ. ಎಷ್ಟೋ ದೇಶಗಳಲ್ಲಿ ಆತ್ಮಹತ್ಯೆ ಏರುವುದು ಕಡು ಚಳಿಯಲ್ಲಲ್ಲ, ಚಳಿ ಕಳೆದ ಮೇಲೆ. ಬದುಕೇ ಬೇಡ ಅನ್ನಿಸಿದರೆ ಯಾವ ಹೊತ್ತಾದರೂ ಸರಿ, ಫೋನ್ ಮಾಡು, ಇಬ್ಬರೂ ಸೀದಾ ಆಸ್ಪತ್ರೆಗೆ ಹೋಗೋಣ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ನಿದ್ದೆ, ಸಿಟ್ಟು, ಕುಡಿತ ಎಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗು. ಹೇಳೋಕೆ ಬಾಯಿ ಬರದಿದ್ದರೆ ಚೀಟಿಯನ್ನೇ ಸುಮ್ನೆ ಕೈಗೆ ಕೊಡು.

ನಿನ್ನ ಗೆಳೆಯ